ಗಾದ್ರಿಯ ಬಲೆಗೆ ಬಿದ್ದದ್ದು

ಹೂಂಗುಟ್ಟುವವರಿದ್ದರೆ ಕತೆಗೆ ಕಾಲು ಬರುತ್ತದೆ, ಇಲ್ಲದಿದ್ದರೆ ಕೂತಲ್ಲೇ ಕೂತಿರುತ್ತದೆ. ಹೂಂ ಅನ್ನಿ, ಹೊರಡೋಣ.

ಕೊಡಗಲ್ಲಹಟ್ಟಿಯಲ್ಲಿ ದುರುಗವ್ವ ಅಂತ ಒಬ್ಬಳಿದ್ದಳು. ಅವಳಿಗೆ ಗಾದ್ರಿ ಅಂತ ಒಬ್ಬನೇ ಮಗ. ಮೈಯಲ್ಲಿ ಎತ್ತಿನ ಬಲ, ಮನಸ್ಸು ಹಾಲಿನಷ್ಟು ಬಿಳುಪು, ತಲೆಯಲ್ಲಿ ಮಾತ್ರ ಬರೀ ಹೊಟ್ಟು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು ಅವನ ವ್ರತ. ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದ. ಹಿತ್ತಲಿನಿಂದ ಯಾರಾದರೂ ಕುರಿ ಹೊಡೆದುಕೊಂಡು ಹೋದರೂ ಕಣ್ಣು ಕೀಳುತ್ತಿರಲಿಲ್ಲ. ದುರುಗವ್ವ ಹಣೆ ಚಚ್ಚಿಕೊಂಡು ಚಚ್ಚಿಕೊಂಡು, ಹಣೆ ಮೇಲಿನ ವಿಭೂತಿಯೇ ಅಂಗೈಗೆ ಬಂದುಬಿಟ್ಟಿತ್ತು.

ಆ ಹಟ್ಟಿಯಲ್ಲಿ ಬೇಟೆಗೊಂದು ಕಟ್ಟಳೆ. ಸುಗ್ಗಿ ಮುಗಿದ ಮೇಲೆ, ಮಳೆ ಬೀಳುವ ತನಕ, ಊರೆಲ್ಲ ಸೇರಿ ಗುಡ್ಡಕ್ಕೆ ಹೋಗುವುದು. ಮನೆಗೊಂದು ಬಲೆ, ಬಲೆಗೊಂದು ಜಾಗ, ಜಾಗಕ್ಕೊಂದು ಪಾಲು. ಬಲೆಯ ಹತ್ತಿರ ನಿಂತವನ ಜಾಗ ಅವನ ಮನೆಗೆ ಉಳಿಯಿತು. ಬಲೆ ಬಿಟ್ಟು ಓಡಿದವನ ಜಾಗ ಹೋಯಿತು. ಮಳೆ ಬೀಳುವುದರೊಳಗೆ ಒಂದು ಸಲವೂ ಬಲೆ ಹಾಕದ ಮನೆಯ ಜಾಗವೂ ಹೋಯಿತು. ಬಿದ್ದ ಮೃಗಕ್ಕೆ ಪಾಲು ಹಾಕುವವನು ಬೇಟೆ ಯಜಮಾನ ಒಬ್ಬನೇ; ಅವನು ಕತ್ತಿ ಇಡುವ ತನಕ ಯಾರೂ ಮುಟ್ಟುವ ಹಾಗಿಲ್ಲ.

ದುರುಗವ್ವನ ಗಂಡನದು ಕಣಿವೆ ಬಾಯಿಯ ಜಾಗ. ಗುಡ್ಡದಿಂದ ಇಳಿದ ಮೃಗವೆಲ್ಲ ಅಲ್ಲಿಗೇ ಬರಬೇಕು. ಗಂಡ ತೀರಿಹೋದ. ಬಲೆ ಜಂತಿಗೆ ನೇತುಬಿದ್ದಿತು. ಎದುರು ಮನೆಯ ಜಂಪಣ್ಣ ಆ ಜಾಗವನ್ನು ತನ್ನ ತಮ್ಮನಿಗೆ ಮಾಡಿಕೊಡಬೇಕೆಂದು ದಿನಾ ಬಂದು ಆ ಬಲೆಯನ್ನು ನೋಡಿ ಉಸಿರುಬಿಟ್ಟು ಹೋಗುತ್ತಿದ್ದ.

ದುರುಗವ್ವ ಬೇಟೆ ಯಜಮಾನ ಬೋಸಯ್ಯನ ಹತ್ತಿರ ಹೋಗಿ ಕೈಮುಗಿದಳು. ಬೋಸಯ್ಯ ಕಟ್ಟಳೆಯ ಮನುಷ್ಯ. ಕರುಣೆಯನ್ನೂ ಅಳೆದೇ ಕೊಡುವವನು. ಮೊದಲು ಹುಡುಗ ಚಿಲ್ಲರೆ ಕೆಲಸ ಕಲಿಯಲಿ, ಆಮೇಲೆ ಬಲೆಯ ಮಾತು ಅಂದ. ನಾಳೆ ಗುಡ್ಡಕ್ಕೆ ಬರುವಾಗ ಅಡುಗೆಗೆ ಮನೆಯಿಂದ ಬೆಂಕಿ ತರಲಿ ಅಂದ.

ಗಾದ್ರಿ ಬೆಂಕಿ ತಂದ. ಒಲೆಯಿಂದ ಕೆಂಡ ತೆಗೆದು, ಚಳಿಯಾದೀತೆಂದು ಕಂಬಳಿಯಲ್ಲಿ ಗಂಟುಕಟ್ಟಿ, ಹೆಗಲಿಗೆ ಹಾಕಿಕೊಂಡು ಹೊರಟ. ದಾರಿಯಲ್ಲಿ ಬೆನ್ನು ಬೆಚ್ಚಗಾಯಿತು. ಆಮೇಲೆ ಬಿಸಿಯಾಯಿತು. ಆಮೇಲೆ ಗಾದ್ರಿ ಓಡಿದ. ಗುಡ್ಡ ಮುಟ್ಟಿದಾಗ ಕೈಯಲ್ಲಿ ಕಂಬಳಿಯ ಅಂಚು, ಬೆನ್ನ ಮೇಲೆ ಬೊಬ್ಬೆ. ಬೇಟೆಯವರು ಹಸಿ ಗೆಣಸು ತಿಂದು ಮನೆಗೆ ಬಂದರು.

ದುರುಗವ್ವ ಬೊಬ್ಬೆಗೆ ಬೆಣ್ಣೆ ಹಚ್ಚುತ್ತ ಬೈದಳು, ಬೈಯುತ್ತ ಹಚ್ಚಿದಳು. "ನಿಮ್ಮಪ್ಪ ಹೆಂಗ್ ಮಾಡ್ತಿದ್ದ ಗೊತ್ತೇನ್ಲಾ? ಬೆರಣಿ ಕೆಂಡಾನ ಗಡಿಗೇಲಿ ಹಾಕಿ, ಮೇಲೆ ಗಟ್ಟಿಯಾಗಿ ಬೂದಿ ಮುಚ್ಚಿ, ಬಾಯಿಗೆ ಮುಚ್ಚಳ ಬಿಗಿದು, ತಲೆ ಮೇಲೆ ಹೊತ್ಕೊಂಡು ಹೋಗ್ತಿದ್ದ. ಸಂಜೆ ತನಕ ಜೀವ ಇರ್ತಿತ್ತು."

"ಸರಿ ಕಣವ್ವ. ಮುಂದಿನ ಸಲ ಹಂಗೇ ಮಾಡ್ತೀನಿ," ಅಂದ ಗಾದ್ರಿ.

ಮುಂದಿನ ಸಲ ಬೋಸಯ್ಯ ಬೆಂಕಿಯ ಮಾತೆತ್ತಲಿಲ್ಲ. ನಮ್ಮನೆ ನಾಯಿಯನ್ನು ಗುಡ್ಡಕ್ಕೆ ಕರೆದುಕೊಂಡು ಬಾ ಅಂದ. ಕುಳ್ಳಗಿನ ಕರಿ ನಾಯಿ, ಮೊಲದ ವಾಸನೆ ಹಿಡಿಯುವುದರಲ್ಲಿ ಅದಕ್ಕೆ ಸಮ ಇನ್ನೊಂದಿಲ್ಲ.

ಗಾದ್ರಿ ಕಾಳು ತುಂಬುವ ದೊಡ್ಡ ಗಡಿಗೆ ತಂದ. ನಾಯಿಯನ್ನು ಎತ್ತಿ ಒಳಗಿಟ್ಟ. ಮೇಲೆ ಗಟ್ಟಿಯಾಗಿ ಬೂದಿ ಸುರಿದ. ಬಾಯಿಗೆ ಮುಚ್ಚಳ ಬಿಗಿದು ತಲೆಗೇರಿಸಿದ. ದಾರಿಯುದ್ದಕ್ಕೂ ಗಡಿಗೆ ಕುಣಿಯಿತು, ಊಳಿಟ್ಟಿತು. ಜೀವ ಇದೆ, ಅವ್ವ ಹೇಳಿದ್ದು ಸುಳ್ಳಲ್ಲ ಅಂತ ಗಾದ್ರಿಗೆ ಸಮಾಧಾನ.

ಗುಡ್ಡದಲ್ಲಿ ಮುಚ್ಚಳ ತೆಗೆದರೆ ಬೆಳ್ಳಗಿನದೊಂದು ಜಂತು ಹಾರಿ ಹೊರಬಂತು. ಬೋಸಯ್ಯನಿಗೇ ತನ್ನ ನಾಯಿಯ ಗುರುತು ಹತ್ತಲಿಲ್ಲ. ಅದು ಒಮ್ಮೆ ಸೀನಿತು. ಇನ್ನೊಮ್ಮೆ ಸೀನಿತು. ಮಧ್ಯಾಹ್ನದ ತನಕ ಸೀನುತ್ತಲೇ ಇತ್ತು. ಆ ಸದ್ದಿಗೆ ಗುಡ್ಡದ ಮೊಲವೆಲ್ಲ ಪಕ್ಕದ ಗುಡ್ಡಕ್ಕೆ ಹೋಯಿತು. ಅವತ್ತಿನಿಂದ ಆ ನಾಯಿ ನೀರಿನ ಕೊಡ ಕಂಡರೂ ಬಾಲ ಮುದುರಿ ಮಂಚದ ಕೆಳಗೆ ನುಗ್ಗುತ್ತಿತ್ತು.

ದುರುಗವ್ವ ಖಾಲಿ ಗಡಿಗೆ ನೋಡಿದಳು, ಮಗನನ್ನು ನೋಡಿದಳು. "ನಾಯೀನ ಯಾರಾದ್ರೂ ಹೊತ್ಕೊಂಡು ಹೋಗ್ತಾರೇನ್ಲಾ? ಕೊರಳಿಗೆ ಹಗ್ಗ ಕಟ್ಟಿ, ಮುಂದೆ ನೀನು ನಡೀಬೇಕು, ಹಿಂದೆ ಅದು ಬರಬೇಕು. ನಿಂತ್ರೆ ಬಾ ಬಾ ಅಂತ ಪ್ರೀತಿಯಿಂದ ಕರೀಬೇಕು."

"ಸರಿ ಕಣವ್ವ. ಮುಂದಿನ ಸಲ ಹಂಗೇ ಮಾಡ್ತೀನಿ."

ಮುಂದಿನ ಸಲ ಬೋಸಯ್ಯ ಜೀವವಿರುವ ಯಾವುದನ್ನೂ ಅವನ ಕೈಗೆ ಕೊಡಲಿಲ್ಲ. ಒಣಗಿಸಿದ ಸೋರೆಬುರುಡೆಯಲ್ಲಿ ಕುಡಿಯುವ ನೀರು ತುಂಬಿಸಿ ತಾರಪ್ಪ, ಅಷ್ಟು ಸಾಕು ಅಂದ.

ಗಾದ್ರಿ ಬುರುಡೆಯ ಕೊರಳಿಗೆ ಹಗ್ಗ ಕಟ್ಟಿದ. ಮುಂದೆ ತಾನು ನಡೆದ. ಹಿಂದೆ ಬುರುಡೆ ಬಂತು, ಬಂಡೆ ಮೇಲೆ ಟಣ್ ಅಂತ, ಕಲ್ಲಿನ ಮೇಲೆ ಠಕ್ ಅಂತ. ಪೊದೆಗೆ ಸಿಕ್ಕಿ ನಿಂತಾಗ ಬಾ ಬಾ ಅಂದ. ಬುರುಡೆ ಬಂತು. ಬರಬರುತ್ತ ಹಗ್ಗ ಹಗುರಾಯಿತು. ಜಾಣ ಬುರುಡೆ, ನಡೆಯುವುದು ಕಲಿಯಿತು ಅಂದುಕೊಂಡ.

ಗುಡ್ಡದ ಮೇಲೆ ಬೇಟೆಯವರು ನಾಲಿಗೆ ಹೊರಗೆ ಹಾಕಿ ಕಾಯುತ್ತಿದ್ದರು. ಹಗ್ಗದ ತುದಿಯಲ್ಲಿ ಬುರುಡೆಯ ಕುತ್ತಿಗೆಯಷ್ಟೇ ಇತ್ತು.

"ಮಿಕ್ಕಿದ್ದು ಎಲ್ಲೋ?" ಅಂದ ಜಂಪಣ್ಣ.

ಗಾದ್ರಿ ತಿರುಗಿ ದಾರಿ ನೋಡಿದ. "ಹಿಂದೆ ಬರ್ತಾ ಇರಬೇಕು ಕಣಣ್ಣ."

ಜಂಪಣ್ಣ ಅವತ್ತು ಹಟ್ಟಿಗೆ ಬಂದವನು ಮೊದಲು ನೀರು ಕುಡಿದ. ಆಮೇಲೆ ನೆಟ್ಟಗೆ ದುರುಗವ್ವನ ಬಾಗಿಲಿಗೆ ಬಂದು, ಮೋಡ ಕಟ್ಟುತ್ತಿದೆ ಅಕ್ಕಾ, ಬಲೆಯನ್ನು ಜಂತಿಯಿಂದ ಇಳಿಸುವ ತೊಂದರೆ ನಿನಗೆ ಯಾಕೆ, ನಾನೇ ಇಳಿಸಿಕೊಂಡು ಹೋಗುತ್ತೇನೆ ಅಂದ. ದುರುಗವ್ವ ಪೊರಕೆ ಹುಡುಕಿದಳು. ಜಂಪಣ್ಣ ಹೋದ. ಆದರೆ ಮೋಡ ಕಟ್ಟುತ್ತಿದ್ದುದು ನಿಜ.

ಮಗನನ್ನು ಎದುರಿಗೆ ಕೂರಿಸಿಕೊಂಡು, ಕಿವಿ ಹಿಂಡಿ ಹೇಳಿದಳು. ಬಿಸಿಲಿಗೆ ಸೋಲುವಂಥದ್ದನ್ನು ನೆಲದ ಮೇಲೆ ಎಳೆಯಬಾರದು. ಒದ್ದೆ ಬಟ್ಟೆ ಸುತ್ತಬೇಕು, ನೆರಳಿರುವ ಕೊಂಬೆಗೆ ತೂಗುಹಾಕಬೇಕು, ಗಾಳಿ ಆಡಬೇಕು. ಆಗ ತಣ್ಣಗಿರುತ್ತದೆ. ನಿಮ್ಮಪ್ಪನ ಬುರುಡೆಯ ನೀರು ಬಾವಿಯ ನೀರಿಗಿಂತ ತಂಪು.

"ಸರಿ ಕಣವ್ವ. ಮುಂದಿನ ಸಲ ಹಂಗೇ ಮಾಡ್ತೀನಿ."

ಮುಂದಿನ ಸಲ ಬೋಸಯ್ಯ ಅವನಿಗೆ ಏನನ್ನೂ ತರಲು ಹೇಳಲಿಲ್ಲ. ಬುತ್ತಿ, ನೀರು, ಕಂಬಳಿಗಳನ್ನು ಹುಣಸೆ ಮರದ ಕೆಳಗಿಟ್ಟು, ಇದರ ಪಕ್ಕ ಕೂತಿರು ಅಂದ. ಕೂರುವುದರಲ್ಲಿ ತಪ್ಪು ಮಾಡುವುದು ಹೇಗೆ? ಎಲ್ಲರೂ ಗುಡ್ಡ ಹತ್ತಿದರು.

ಬಿಸಿಲು ಏರಿತು. ಜಂಪಣ್ಣ ಒಬ್ಬನೇ ತೂರಾಡುತ್ತ ಇಳಿದು ಬಂದ. ಮುಖ ಕೆಂಡ, ಬಾಯಿ ಒಣಗಿದ ಕೆರೆ. ಬಿಸಿಲಿಗೆ ಸೋತುಹೋದೆ ಕಣೋ ಅಂತ ಒಂದೇ ಮಾತು ಹೇಳಿ ಮರದ ಬುಡದಲ್ಲಿ ಕಣ್ಣುಮುಚ್ಚಿ ಬಿದ್ದ.

ಗಾದ್ರಿಗೆ ಅವ್ವನ ಮಾತು ಕಿವಿಯಲ್ಲೇ ಇತ್ತು. ಇದ್ದ ನೀರನ್ನೆಲ್ಲ ಕಂಬಳಿಗೆ ಸುರಿದ. ಒದ್ದೆ ಕಂಬಳಿಯಲ್ಲಿ ಜಂಪಣ್ಣನನ್ನು ಕಾಲಿನಿಂದ ಕತ್ತಿನ ತನಕ ಸುತ್ತಿದ, ಹಗ್ಗ ಬಿಗಿದ, ನೆರಳಿರುವ ಕೊಂಬೆ ನೋಡಿ ತೂಗುಹಾಕಿದ. ಗಾಳಿ ಆಡಿತು. ಜಂಪಣ್ಣನೂ ಆಡಿದ.

ಬೇಟೆಯವರು ಬರಿಗೈಯಲ್ಲಿ ಇಳಿಯುತ್ತಿದ್ದವರು ದೂರದಿಂದ ಕೊಂಬೆಯ ಮೂಟೆ ಕಂಡು ನಿಂತರು. ಹುಡುಗ ಒಬ್ಬನೇ ಹೊಡೆದಿದ್ದಾನೆ, ಜಿಂಕೆಯೇ ಇರಬೇಕು, ಒಳ್ಳೆ ತೂಕವಿದೆ ಅಂತ ಮಾತಾಡಿಕೊಂಡರು. ತೊಡೆ ಯಾರಿಗೆ ಅನ್ನುವಷ್ಟರಲ್ಲಿ ಮೂಟೆಗೆ ಎಚ್ಚರವಾಗಿ, ಗಾದ್ರಿಯ ವಂಶದ ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ಹೆಸರು ಹಿಡಿದು ಬೈಯತೊಡಗಿತು.

ದುರುಗವ್ವ ಅವತ್ತು ಕಿವಿ ಹಿಂಡಲಿಲ್ಲ. ಮೆಲ್ಲಗೆ ಹೇಳಿದಳು. ಸೋತು ಬಿದ್ದವರನ್ನು ಕಟ್ಟಬಾರದು ಕಂದ. ಕಟ್ಟಿದ್ದೇನಾದರೂ ಇದ್ದರೆ ಸಡಿಲಿಸಬೇಕು. ನಯವಾಗಿ ಮಾತಾಡಿಸಬೇಕು. ಬಾಯಿಗೆ ಒಂದಿಷ್ಟು ನೀರು ಬಿಡಬೇಕು. ಚೇತರಿಸಿಕೊಂಡ ಮೇಲೆ ಮನೆಯ ದಾರಿ ತೋರಿಸಬೇಕು.

"ಸರಿ ಕಣವ್ವ. ಮುಂದಿನ ಸಲ ಹಂಗೇ ಮಾಡ್ತೀನಿ."

ಆ ಮಾತು ಕೇಳಿದರೆ ಈಗ ಅವಳು ಮನೆದೇವರಿಗೆ ಕೈಮುಗಿಯುತ್ತಿದ್ದಳು.

ಮಳೆಯ ಮೋಡ ಗುಡ್ಡದ ನೆತ್ತಿ ಮುಟ್ಟಿತು. ಉಳಿದದ್ದು ಕೊನೆಯ ಬೇಟೆ. ಅವತ್ತು ಬಲೆ ಬೀಳದಿದ್ದರೆ ಕಣಿವೆ ಬಾಯಿ ಜಂಪಣ್ಣನ ತಮ್ಮನದು. ಬೋಸಯ್ಯ ಗಡ್ಡ ಕೆರೆದುಕೊಂಡು ಲೆಕ್ಕ ಹಾಕಿದ. ಬೆಂಕಿ ಕೊಟ್ಟಾಯಿತು, ನಾಯಿ ಕೊಟ್ಟಾಯಿತು, ನೀರು ಕೊಟ್ಟಾಯಿತು, ಕೂರಿಸಿಯೂ ಆಯಿತು. ಇವನನ್ನು ಬಲೆಯ ಹತ್ತಿರ ನಿಲ್ಲಿಸುವುದೇ ವಾಸಿ, ಅಲ್ಲಿ ಮಾಡುವುದಕ್ಕೆ ಏನೂ ಇಲ್ಲ, ನಿಂತರೆ ಸಾಕು.

ದುರುಗವ್ವ ಜಂತಿಯಿಂದ ಬಲೆ ಇಳಿಸಿ, ಕಣ್ಣಿಗೊತ್ತಿಕೊಂಡು ಮಗನ ಹೆಗಲಿಗೆ ಹಾಕಿದಳು. ಬೋಸಯ್ಯ ತಾನೇ ನಿಂತು ಕಣಿವೆ ಬಾಯಲ್ಲಿ ಬಲೆ ಕಟ್ಟುವುದನ್ನು ತೋರಿಸಿದ. ಗೂಟದಿಂದ ಗೂಟಕ್ಕೆ, ಆಳೆತ್ತರಕ್ಕೆ, ಕೆಳಗಂಚು ಸಡಿಲ. ಗಾದ್ರಿ ನಿಂತ. ಪಕ್ಕದ ಬಲೆಗೆ ಜಂಪಣ್ಣ, ಅದರಾಚೆ ಇನ್ನಿಬ್ಬರು. ಬೋಸಯ್ಯ ಮಿಕ್ಕವರನ್ನು ಕರೆದುಕೊಂಡು ಮೃಗ ಎಬ್ಬಿಸಲು ಮೇಲಕ್ಕೆ ಹೋದ.

ತಮಟೆ ಬಡಿಯಿತು. ಕಲ್ಲು ಉರುಳಿತು. ಪೊದೆ ಸೀಳಿಕೊಂಡು ಒಂದು ಕಾಡುಹಂದಿ ಬಂತು, ಕರುವಿನಷ್ಟು ಗಾತ್ರ, ಕುಡುಗೋಲಿನಂಥ ಕೋರೆ. ಜಂಪಣ್ಣ ಮರದ ಮೇಲಿದ್ದ. ಯಾವಾಗ ಹತ್ತಿದ ಅಂತ ಅವನಿಗೂ ತಿಳಿಯಲಿಲ್ಲ. ಇನ್ನಿಬ್ಬರು ಬೇರೆ ಬೇರೆ ಮರ ಹುಡುಕಿಕೊಂಡರು. ಗಾದ್ರಿಗೆ ನಿಲ್ಲು ಅಂದಿದ್ದರು. ನಿಂತಿದ್ದ.

ಹಂದಿ ಕಣಿವೆ ಬಾಯಿಗೇ ಬಂದು ಬಲೆಗೆ ನುಗ್ಗಿತು. ಹೊರಳಿತು, ಉರುಳಿತು, ಸುತ್ತಿಕೊಂಡಿತು, ಕೊನೆಗೆ ಸುಸ್ತಾಗಿ ಏದುಸಿರು ಬಿಡುತ್ತ ಬಿತ್ತು. ಮರದ ಮೇಲಿನಿಂದ ಹೊಡಿಯೋ, ಹೊಡಿಯೋ ಅಂತ ಕೂಗು.

ಗಾದ್ರಿ ನೋಡಿದ. ಪಾಪ, ಸೋತು ಬಿದ್ದಿದೆ. ಕಟ್ಟೂ ಇದೆ.

ಪಕ್ಕ ಕೂತು ಒಂದೊಂದೇ ಗಂಟು ಸಡಿಲಿಸಿದ. "ಬಿಸಿಲು ಜಾಸ್ತಿಯಾತೇನಣ್ಣ?" ಅಂತ ನಯವಾಗಿ ಕೇಳಿದ. ಅವ್ವ ಕೊಟ್ಟು ಕಳಿಸಿದ್ದ ನೀರಿನ ಬುರುಡೆಯಿಂದ ಮೂತಿಗೆ ನೀರು ಬಿಟ್ಟ. ಹಂದಿ ಜನ್ಮದಲ್ಲಿ ಇಂಥದ್ದು ಕಂಡಿರಲಿಲ್ಲ. ಎದ್ದು ನಿಂತು ಅವನನ್ನೇ ನೋಡಿತು. ಗಾದ್ರಿ ಕೈಚಾಚಿ ಗುಡ್ಡದ ಕಡೆ ತೋರಿಸಿದ. "ಹಿಂಗೇ ನೆಟ್ಟಗೆ ಹೋಗಣ್ಣ. ಮನೇಲಿ ಕಾಯ್ತಿರ್ತಾರೆ."

ಹಂದಿ ಹೋಯಿತು.

ಅವತ್ತು ಸಂಜೆ ಹಟ್ಟಿಯ ಕಟ್ಟೆಯಲ್ಲಿ ಪಂಚಾಯ್ತಿ. ದುರುಗವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಕಂಬದ ಮರೆಯಲ್ಲಿ ನಿಂತಿದ್ದಳು. ಜಂಪಣ್ಣ ನಡೆದದ್ದನ್ನೆಲ್ಲ ಬಣ್ಣಿಸಿದ: ಗಂಟು ಬಿಚ್ಚಿದ್ದು, ನೀರು ಕುಡಿಸಿದ್ದು, ಅಣ್ಣ ಅಂದದ್ದು. ಇಂಥವನಿಗೆ ಜಾಗವೇ ಅಂತ ಕೇಳಿದ.

ಬೋಸಯ್ಯ ಎಲ್ಲ ಕೇಳಿಸಿಕೊಂಡು, ನೀನು ಇಷ್ಟು ಚೆನ್ನಾಗಿ ಎಲ್ಲಿಂದ ನೋಡಿದೆಯಪ್ಪ ಅಂದ.

ಜಂಪಣ್ಣ ಮೆಲ್ಲಗೆ ಜನರ ಹಿಂದಕ್ಕೆ ಸರಿದ. ಬೋಸಯ್ಯ ತೀರ್ಪು ಹೇಳಿದ:

"ಹಿಡಿದವನ ಜಾಗ ಅಂತ ಕಟ್ಟಳೆ ಇಲ್ಲ. ನಿಂತವನ ಜಾಗ ಅಂತ ಇದೆ. ಗಾದ್ರಿ ನಿಂತಿದ್ದ. ಕಣಿವೆ ಬಾಯಿ ದುರುಗವ್ವನ ಮನೇದೇ. ನಾಳೆ ನಾನೇ ಮನೆಗೆ ಬಂದು ವೀಳ್ಯ ಕೊಡ್ತೀನಿ. ಮರ ಹತ್ತಿದವರ ಜಾಗದ ಮಾತು ಆಮೇಲೆ ಆಡೋಣ."

ದುರುಗವ್ವನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಮನೆಗೆ ಬಂದು ಮಗನಿಗೆ ತುಪ್ಪ ಹಾಕಿ ಉಣ್ಣಿಸಿದಳು. ಆದರೂ ಅಷ್ಟು ದೊಡ್ಡ ಹಂದಿ ಹೋಯಿತಲ್ಲ ಅನ್ನುವುದು ಹೊಟ್ಟೆಯಲ್ಲಿ ಉರಿಯುತ್ತಿತ್ತು. ಉಣ್ಣುತ್ತಿರುವಾಗಲೇ ಹೇಳಿದಳು: "ನೋಡ್ಲಾ, ಇನ್ಮೇಲೆ ಬಲೆಗೆ ಬಿದ್ದದ್ದು ಏನೇ ಆಗ್ಲಿ, ಮಾತಾಡಿಸಬೇಡ, ನೀರು ಕೊಡಬೇಡ. ದೊಣ್ಣೆ ಎತ್ತಿ ತಲೆಗೊಂದು ಬಿಡು. ಬಿತ್ತು ಬಿತ್ತು ಅಂತ ಊರೆಲ್ಲ ಕೇಳೋ ಹಂಗೆ ಕೂಗು."

"ಸರಿ ಕಣವ್ವ. ಮುಂದಿನ ಸಲ ಹಂಗೇ ಮಾಡ್ತೀನಿ."

ಬೆಳಿಗ್ಗೆ ದುರುಗವ್ವ, ಬಲೆಗೆ ಹಂದಿಯ ಕೆಸರು ಮೆತ್ತಿದೆ, ತೊಳೆದು ಒಣಗಹಾಕು ಅಂತ ಮಗನಿಗೆ ಹೇಳಿ ಹಿತ್ತಲಿಗೆ ರಾಗಿ ಬೀಸಲು ಹೋದಳು. ಗಾದ್ರಿ ಬಲೆ ತೊಳೆದ. ಅವನಿಗೆ ಬಲೆ ಕಟ್ಟುವುದು ಗೊತ್ತಿದ್ದದ್ದು ಒಂದೇ ರೀತಿ, ಬೋಸಯ್ಯ ತೋರಿಸಿದ ರೀತಿ. ಮನೆಯಲ್ಲಿ ಗೂಟಗಳಿದ್ದದ್ದು ಒಂದೇ ಕಡೆ, ಬೀದಿ ಬಾಗಿಲ ಒಳಗಡೆ ಎರಡೂ ಪಕ್ಕಕ್ಕೆ. ಗೂಟದಿಂದ ಗೂಟಕ್ಕೆ, ಆಳೆತ್ತರಕ್ಕೆ, ಕೆಳಗಂಚು ಸಡಿಲ. ಕಟ್ಟಿದ ಮೇಲೆ ದೊಣ್ಣೆ ಹಿಡಿದು ಪಕ್ಕದಲ್ಲಿ ನಿಂತ. ಬಲೆ ಬಿಟ್ಟು ಹೋಗಬಾರದಲ್ಲ.

ಹೊರಗೆ ಬಿಸಿಲು, ಒಳಗೆ ಕತ್ತಲು. ಬೋಸಯ್ಯ ಹೊಸ ರುಮಾಲು ಸುತ್ತಿ, ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆ ಇಟ್ಟುಕೊಂಡು, ದುರುಗವ್ವಾ ಅಂತ ಕರೆಯುತ್ತ ಗಂಭೀರವಾಗಿ ಹೊಸ್ತಿಲು ದಾಟಿದ.

"ಬಿತ್ತು! ಬಿತ್ತು!"

ಹಟ್ಟಿಗೆ ಹಟ್ಟಿಯೇ ಓಡಿ ಬಂತು. ದುರುಗವ್ವ ರಾಗಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನಡುಮನೆಯಲ್ಲಿ ವೀಳ್ಯದೆಲೆ ಚೆಲ್ಲಾಡಿತ್ತು. ಬಲೆಯೊಳಗೆ ಬೋಸಯ್ಯ ಮುದುಡಿ ಕೂತು, ರುಮಾಲು ದಪ್ಪಗಿದ್ದುದಕ್ಕೆ ದೇವರಿಗೆ ಕೈಮುಗಿಯಲು ಕೈ ಹುಡುಕುತ್ತಿದ್ದ.

ಗಾದ್ರಿ ಮಾತಾಡಿಸಿರಲಿಲ್ಲ, ನೀರು ಕೊಟ್ಟಿರಲಿಲ್ಲ, ಬಿಟ್ಟು ಕಳಿಸಿರಲಿಲ್ಲ. ಈ ಸಲ ಒಂದೂ ತಪ್ಪಿರಲಿಲ್ಲ. ಆದರೂ ಅವನ ಮುಖದಲ್ಲಿ ಏನೋ ಚಿಂತೆ. ದೊಣ್ಣೆ ಕೆಳಗಿಟ್ಟು, ಸೇರಿದ ಜನರನ್ನೂ ಬಲೆಯನ್ನೂ ನೋಡಿ, ತಲೆ ಕೆರೆದುಕೊಂಡ.

"ಅವ್ವಾ, ಯಜಮಾನ್ರೇ ಬಿದ್ದವ್ರೆ," ಅಂದ. "ಈಗ ಪಾಲು ಹಾಕೋರು ಯಾರು?"