ಎದೆಮಟ್ಟದ ಕೆರೆ

ಕರಿಗುಡ್ಡದಹಟ್ಟಿಯ ಮೇಲುಗಡೆ ಎರಡು ಗುಡ್ಡಗಳ ನಡುವೆ ಹರಡಿರುವ ಎದೆಮಟ್ಟದ ಕೆರೆಯ ಹೆಸರು ಕೇಳಿ, ಆಳ ಅಷ್ಟೇ ಇರಬೇಕೆಂದು ಧೈರ್ಯವಾಗಿ ಇಳಿಯುವ ಹೊಸಬರಿದ್ದಾರೆ. ಅವರನ್ನು ದಡಕ್ಕೆ ಎಳೆದು ನಮಗೂ ಸಾಕಾಗಿದೆ. ಇಲ್ಲಿ ಆನೆಯೂ ಮುಳುಗುತ್ತದೆ. ಹೆಸರು ಬಂದದ್ದು ಒಬ್ಬ ಮನುಷ್ಯನ ಎದೆಯಿಂದ.

ಹಿಂದೆ ಒಮ್ಮೆ ಈ ಸೀಮೆಯನ್ನಾಳುತ್ತಿದ್ದ ಬೊಮ್ಮಣ್ಣನಾಯಕನಿಗೆ ಇಲ್ಲೊಂದು ಕೆರೆ ಕಟ್ಟಿಸುವ ಮನಸ್ಸಾಯಿತು. ಮುಹೂರ್ತ ಇಡಿಸಿ, ಮಣ್ಣು ಹೊರಲು ಜನ ಸೇರಿಸಿ, ಕೆರೆ ಕಟ್ಟುವುದರಲ್ಲಿ ಹೆಸರಾದ ಒಡ್ಡರ ಹಿರಿಯ ಗಿಡ್ಡೋಬಳ ಬೋವಿಯನ್ನು ಕರೆಸಿದ. ಬೋವಿ ಮೂರು ದಿನ ಹಳ್ಳದ ಉದ್ದಕ್ಕೂ ಓಡಾಡಿ, ಒಂದು ಮಳೆಗಾಲ ಕಳೆಯುವ ತನಕ ಏರಿಗೆ ಒಂದು ಪುಟ್ಟಿ ಮಣ್ಣನ್ನೂ ಹಾಕಿಸುವುದಿಲ್ಲವೆಂದ. ನೀರಿನ ದಾರಿ ನೋಡದೆ ಏರಿ ಹಾಕುವುದು ಅವನ ಕುಲದಲ್ಲಿ ಇರಲಿಲ್ಲವಂತೆ. ನೀರು ಎಲ್ಲಿಯವರೆಗೆ ಏರುತ್ತದೆಂದು ನೋಡಲು ಹಳ್ಳದಲ್ಲಿ ನೆಟ್ಟಂತೆ ಪಕ್ಕದ ಒಣ ಕೊರಕಲಿನಲ್ಲೂ ಗೂಟ ನೆಡಿಸಿದ. ಹನ್ನೆರಡು ವರ್ಷದಿಂದ ಹನಿ ನೀರು ಹರಿಯದ ಕೊರಕಲು ಅದು, ಜನ ನಕ್ಕರು. ಅಲ್ಲಿನ ಕಲ್ಲುಗಳು ನುಣ್ಣಗಿವೆ, ನೀರು ಬಂದೇ ಬರುತ್ತದೆ, ಅದಕ್ಕೆ ದಾರಿ ಬಿಡದಿದ್ದರೆ ಏರಿ ಒಡೆದು ಕೆಳಗಿನ ಹಟ್ಟಿ ಕೊಚ್ಚಿಹೋಗುತ್ತದೆ ಎಂಬುದು ಅವನ ವಾದ. ಮುಹೂರ್ತ ತಪ್ಪಿದ ಸಿಟ್ಟಿನಲ್ಲಿ ನಾಯಕ, ಸ್ವಾತಿ ಮಳೆ ಮುಗಿಯುವುದರೊಳಗೆ ಕೊರಕಲಿನ ಗೂಟ ನೆನೆಯದಿದ್ದರೆ ತಲೆ ತೆಗೆಸುತ್ತೇನೆ ಎಂದ. ಬೋವಿ ಒಪ್ಪಿದ.

ಆ ವರ್ಷ ಮಳೆಗಳು ಒಂದೊಂದಾಗಿ ಕೈಕೊಟ್ಟವು. ಸ್ವಾತಿಯ ಕೊನೆಯ ದಿನ ನಾಯಕ ಬೋವಿಯನ್ನು ಅದೇ ಗೂಟಕ್ಕೆ ಕಟ್ಟಿಸಿ, ಹೊತ್ತು ಮುಳುಗುವುದನ್ನೇ ಕಾಯುತ್ತ ದಂಡೆಯ ಮೇಲೆ ಕುಳಿತ. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಬೋವಿಯ ಹೆಂಡತಿ ಅತ್ತೂ ಅತ್ತೂ ದನಿ ಕಳೆದುಕೊಂಡಿದ್ದಳು. ಬಿಸಿಲು ಇಳಿಯುವಾಗ ಮೇಲೆಲ್ಲೋ ಗುಡುಗಿದಂತೆ ಕೇಳಿಸಿತು. ದೂರದ ಗುಡ್ಡಗಳಲ್ಲಿ ಸುರಿದ ಮಳೆಯ ನೀರು ಕೊರಕಲು ತುಂಬಿ ಬರುತ್ತಿತ್ತು. ಬಿಚ್ಚಲು ಓಡಿದ ಆಳುಗಳಿಗೆ ಬೋವಿ, “ಹಗ್ಗ ಆಮ್ಯಾಲೆ ಬಿಚ್ರಿ. ನೀರು ಎಲ್ಲಿಗಂಟ ಬತ್ತದೆ, ನನ್ನ ಮೈಮ್ಯಾಲೆ ಗುರುತು ನೋಡ್ಕಳಿ” ಎಂದನಂತೆ. ನೀರು ಅವನ ಎದೆಗೆ ಬಂದು ನಿಂತಿತು. ನಾಯಕ ತಾನೇ ಇಳಿದು ಹಗ್ಗ ಕೊಯ್ದ ಎನ್ನುತ್ತಾರೆ.

ತಲೆ ತಗ್ಗಿಸಿಕೊಂಡೇ ಅವನು, ಇನ್ನು ಕೆಲಸ ಯಾವಾಗ ಶುರುಮಾಡುತ್ತೀಯೆಂದು ಕೇಳಿದ.

“ಶುರುವಾಗಿ ಆರು ತಿಂಗ್ಳಾತು, ಬುದ್ಧಿ. ಇನ್ನು ಮಣ್ಣು ಹೊರೋದಷ್ಟೇ ಬಾಕಿ” ಎಂದ ಬೋವಿ.

ಇಂದು ಹೋದವರಿಗೆ ಆ ಕೊರಕಲಿನ ಬಾಯಲ್ಲಿ, ಬೋವಿಯ ಎದೆಯ ಗುರುತು ಹಿಡಿದು ಕಟ್ಟಿದ ಕೆರೆಯ ಎರಡನೆಯ ಕೋಡಿ ಕಾಣುತ್ತದೆ. ಹೆಚ್ಚಾದ ನೀರು ಅಲ್ಲಿಂದ ಹಟ್ಟಿಯನ್ನು ಬಳಸಿಕೊಂಡು ಹೊಲಗಳ ಕಡೆ ಹರಿದುಹೋಗುತ್ತದೆ. ಏರಿಯ ಕೆಳಗೆ ಈಗ ಮುನ್ನೂರು ಮನೆಗಳಿವೆ. ಎಂಥ ಮಳೆ ಹುಯ್ದರೂ ಅಲ್ಲಿಯ ಜನ ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಮಲಗುತ್ತಾರೆ.