ಈಟಿಯ ಮೆದು ತುದಿ

ಹಳೆಯ ಕಾಲದ ಈಟಿ ಕಾಳಗವನ್ನು ಆಟವಾಗಿ ಆಡುವ ಪಂದ್ಯ. ಕುದುರೆಯೇರಿದ ಅಣ್ಣನಿಗೆ ತಮ್ಮನೇ ಎದುರಾಳಿ. ಅಣ್ಣನ ಈಟಿಯ ಗಟ್ಟಿ ಕೋಲು, ತನ್ನ ತುದಿಗೆ ಸಿಕ್ಕಿಸಿದ್ದ ಮೆದು ಮರದ ತುಂಡಿಗೆ ಹೇಳಿತು: “ನಿನ್ನನ್ನು ಮುಂದಿಟ್ಟುಕೊಂಡು ಹೋಗಲು ನನಗೆ ನಾಚಿಕೆ. ತಗುಲಿದೊಡನೆ ಮುರಿಯುತ್ತೀಯ.”

“ಮುರಿಯುವುದೇ ನನ್ನ ಕೆಲಸ” ಎಂದಿತು ತುಂಡು.

ಕುದುರೆಗಳು ಓಡಿದವು. ತುಂಡು ತಮ್ಮನ ಗುರಾಣಿಗೆ ಬಡಿದು ನುಚ್ಚುನೂರಾಯಿತು. ಜೀನಿನ ಮೇಲೆ ಹಿಂದಕ್ಕೆ ವಾಲಿದ ತಮ್ಮ ಏಳಲಿಲ್ಲ.

“ಸೋತೆವು” ಎಂದು ಕೋಲು ಗೊಣಗಿತು.

“ತುದಿ ಮುರಿದವರಿಗೇ ಅಂಕ, ಗೆದ್ದೆವು” ಎಂದಿತು ಅಣ್ಣನ ಕುದುರೆ. “ಆದರೆ ನಮ್ಮವನ ಕೈ ನೋಡು.”

ಕೋಲನ್ನು ಹಿಡಿದಿದ್ದ ಅಣ್ಣನ ಕೈ ಗಡಗಡ ನಡುಗುತ್ತಿತ್ತು.

ಅಷ್ಟರಲ್ಲಿ ತಮ್ಮ ಎದ್ದು ಕೂತು, ಶಿರಸ್ತ್ರಾಣ ತೆಗೆದು ನಕ್ಕ. “ಒಳ್ಳೇ ಏಟು ಕಣಣ್ಣ.”

ನಡುಕ ನಿಂತಿತು. ಕೋಲು ಮೆಲ್ಲಗೆ ಹೇಳಿತು: “ಮುಂದಿನ ಓಟಕ್ಕೂ ಮೆದು ತುದಿಯನ್ನೇ ಹಾಕಲಿ.”