ಹೊಂಡಕ್ಕೆ ಸುರಿದ ಎಣ್ಣೆ

ಕರಿದ ಕೋಳಿ ಮಾರುವ ಅಂಗಡಿಯ ಹಿಂದೆ ಕಾಗೆಯೊಂದು ದಿನವೂ ಎಂಜಲು ತಿನ್ನುತ್ತಿತ್ತು. ಪಕ್ಕದ ಹೊಂಡದಿಂದ ಕಪ್ಪೆ ಕೇಳಿತು: "ಕಾಗಕ್ಕ, ರುಚಿಯಾಗಿದೆಯೇ?"

"ರುಚಿಯೂ ಹೌದು, ಪುಕ್ಕಟೆಯೂ ಹೌದು. ಹೊಟ್ಟೆಕಿಚ್ಚೇ?"

"ಪುಕ್ಕಟೆ ನಿನಗೆ. ಕರಿದು ಉಳಿದ ಎಣ್ಣೆ ನನ್ನ ಹೊಂಡಕ್ಕೆ ಬೀಳುತ್ತದೆ. ಎರಡು ಸಲ ಮೊಟ್ಟೆಯಿಟ್ಟೆ, ಒಂದೂ ಮರಿಯಾಗಲಿಲ್ಲ. ಮಳೆ ಬಂದರೆ ಮತ್ತೆ ಇಡಬೇಕು."

ಕಾಗೆ ಬಾಯಲ್ಲಿದ್ದ ತುಂಡನ್ನು ಕೆಳಗಿಟ್ಟು ಬಳಗವನ್ನು ಕರೆಯಿತು. ಊಟವೆಂದುಕೊಂಡು ಬಂದ ನೂರು ಕಾಗೆಗಳಿಗೆ ಕೆಲಸ ಸಿಕ್ಕಿತು. ಎಣ್ಣೆ ಡಬ್ಬ ಹಿಡಿದು ಹಿಂಬಾಗಿಲಿಗೆ ಬಂದ ಅಂಗಡಿಯವನ ತಲೆಯನ್ನು ಮೂರು ದಿನ ಕುಕ್ಕಿದವು. ನಾಲ್ಕನೆಯ ದಿನ ಡಬ್ಬ ಮುಂಬಾಗಿಲಿನಿಂದ ಸೋಪಿನ ಕಾರ್ಖಾನೆಯ ಗಾಡಿ ಹತ್ತಿತು.

ಮಳೆ ಬಂತು. ಹೊಂಡ ತಿಳಿಯಾಯಿತು. ಕಪ್ಪೆಯ ಮೊಟ್ಟೆಗಳೊಡೆದು ಮರಿಗಳು ಬಾಲ ಆಡಿಸಿದವು.

ಕಾಗೆ ಇಣುಕಿ ನೋಡಿ, "ಪರವಾಗಿಲ್ಲ, ಕಪ್ಪಗೇ ಇವೆ" ಎಂದಿತು.